ಬಿಚ್ಚಪ್ಪ

ಬಿಚ್ಚಪ್ಪ ಎಂಬುದು ಒಬ್ಬನ ಹೆಸರಲ್ಲ, ಒಂದು ಕುಲದ ಹೆಸರು. ನಾಯಕನಹಟ್ಟಿಯ ತೇರುಬೀದಿಯಲ್ಲಿ ನಿಂತು ‘ತಿಪ್ಪೇಸ್ವಾಮೀ’ ಎಂದು ಕೂಗಿದರೆ ಹತ್ತು ತಲೆ ತಿರುಗುತ್ತವೆ. ‘ಮಿಕ್ಸಿ ಕೆಟ್ಟೈತೆ’ ಎಂದು ಕೂಗಿದರೆ ಆ ಹತ್ತರಲ್ಲಿ ನಾಲ್ಕು ಕೈ ಜೇಬಿನ ಟೆಸ್ಟರಿಗೆ ಹೋಗುತ್ತವೆ. ಆ ನಾಲ್ವರೂ ಬಿಚ್ಚಪ್ಪನ ಕುಲದವರು. ಹೊಟ್ಟೆಪಾಡಿಗೆ ಅವನು ಮೇಷ್ಟ್ರಿರಬಹುದು, ಶೇಂಗಾ ವ್ಯಾಪಾರಿಯಿರಬಹುದು, ನಿವೃತ್ತ ಲೈನ್‌ಮನ್ನನ ಅಳಿಯನಿರಬಹುದು. ಆ ಸಂಬಂಧವೂ ಒಂದು ಅರ್ಹತೆಯೇ. ಕೆಟ್ಟ ವಸ್ತುವಿನ ಮುಂದೆ ಕುಕ್ಕರಗಾಲಲ್ಲಿ ಕೂತಾಗ ಅವನ ಬಾಯಿಂದ ಬರುವ ಮೊದಲ ಪ್ರಶ್ನೆ ‘ಏನಾಗಿದೆ?’ ಎಂದಲ್ಲ, ‘ಸ್ಕ್ರೂ ಎಲ್ಲೈತೆ?’ ಎಂದು. ಇದನ್ನು ಕಂಡು ನಗುವವರು ಅವನನ್ನು ಅರೆಬೆಂದ ಮೆಕ್ಯಾನಿಕ್ ಎನ್ನುತ್ತಾರೆ. ಅದು ಅನ್ಯಾಯ. ಬಿಚ್ಚಪ್ಪನಿಗೆ ವಿದ್ಯೆ ಕಡಿಮೆಯಿಲ್ಲ. ಕೊಳವೆಬಾವಿಯ ದಡದಲ್ಲಿ ಕಲಿತ ವಿದ್ಯೆಯನ್ನು ಅವನು ಅಡುಗೆಮನೆಗೆ ತಂದಿದ್ದಾನೆ, ತೊಂದರೆ ಅಷ್ಟೇ. ಡಿಶ್‌ವಾಷರ್ ಎಂಬ ಯಂತ್ರ ಊರಿಗೆ ಬಂದ ಮೇಲೆ ಇದು ಎದ್ದು ಕಾಣುತ್ತಿದೆ.

ನಾಯಕನಹಟ್ಟಿ ಇರುವ ಚಳ್ಳಕೆರೆ ತಾಲ್ಲೂಕು ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು. ಇಲ್ಲಿ ನೀರು ಕಾಣಬೇಕಾದರೆ ನೂರಾರು ಅಡಿ ಕೊರೆಯಬೇಕು. ನೀರು ನಿಂತರೆ ಕಾರಣವೂ ಅಷ್ಟೇ ಆಳದಲ್ಲಿರುತ್ತದೆ: ವೈಂಡಿಂಗ್ ಸುಟ್ಟಿರುತ್ತದೆ, ಕೇಬಲ್ ತೂತಾಗಿರುತ್ತದೆ, ಪೈಪು ಕಳಚಿರುತ್ತದೆ. ಚೈನ್‌ಪುಲ್ಲಿ ಕಟ್ಟಿ, ಒಂದೊಂದೇ ಪೈಪು ಬಿಚ್ಚಿ, ಮೋಟರ್ ಮೇಲೆತ್ತದೆ ಏನೂ ಗೊತ್ತಾಗುವುದಿಲ್ಲ. ಹೀಗೆ ಎರಡು ತಲೆಮಾರು ಮೋಟರ್ ಎತ್ತಿದವರ ಊರಿನಲ್ಲಿ ‘ರೋಗ ಆಳದಲ್ಲಿರುತ್ತದೆ’ ಎಂಬ ನಂಬಿಕೆ ಬೇರೂರಿದರೆ ಅದು ಮೌಢ್ಯವಲ್ಲ, ಅನುಭವ. 2019ರ ಸೆಪ್ಟೆಂಬರಿನಲ್ಲಿ ಇದೇ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿ ಬಳಿ ಪರೀಕ್ಷಾ ಹಾರಾಟದಲ್ಲಿದ್ದ ರುಸ್ತುಂ ಎಂಬ ಚಾಲಕರಹಿತ ವಿಮಾನ ಹೊಲಕ್ಕೆ ಬಿತ್ತಲ್ಲ, ಅದನ್ನು ಬಿಚ್ಚಪ್ಪನ ಕೈಗೆ ಕೊಟ್ಟಿದ್ದರೂ ‘ವೈಂಡಿಂಗ್ ಹೋಗೈತೆ’ ಎಂದೇ ಹೇಳುತ್ತಿದ್ದ.

ಆದರೆ ಡಿಶ್‌ವಾಷರ್ ಬೋರ್‌ವೆಲ್ ಜಾತಿಯದಲ್ಲ, ಕೆರೆಯ ಜಾತಿಯದು. ಅದಕ್ಕೊಂದು ತೂಬಿದೆ: ನಲ್ಲಿಯಿಂದ ನೀರು ಬರುವ ಪೈಪಿನ ಬಾಯಿ. ಹೊರದಾರಿಯಿದೆ: ಕೊಳೆನೀರು ಹೋಗುವ ಡ್ರೈನ್ ಪೈಪು. ತಳದಲ್ಲಿ ಹೂಳು ತುಂಬುವ ಜಾಗವಿದೆ: ಫಿಲ್ಟರು. ಊರಿನ ಗುರು ತಿಪ್ಪೇರುದ್ರಸ್ವಾಮಿಗಳು ಈ ಬರದ ನೆಲದಲ್ಲಿ ಕೆರೆಗಳನ್ನು ಕಟ್ಟಿಸಿದರೆಂದು ಊರು ಇವತ್ತಿಗೂ ನೆನೆಯುತ್ತದೆ. ಆ ಕೆರೆಗಳ ಕಾಲದ ನೀರುಗಂಟಿ ಏನು ಮಾಡುತ್ತಿದ್ದ? ಗದ್ದೆಗೆ ನೀರು ಬರಲಿಲ್ಲವೆಂದರೆ ಏರಿಯನ್ನು ಅಗೆಯುತ್ತಿರಲಿಲ್ಲ, ಮೊದಲು ತೂಬಿನ ಬಾಯಿಗೆ ಕೈ ಹಾಕುತ್ತಿದ್ದ. ಈ ಯಂತ್ರಕ್ಕೂ ಬೇಕಾದವನು ನೀರುಗಂಟಿಯೇ. ಪೈಪಿನ ತುದಿಯಲ್ಲಿ ಬೆರಳುಗುರಿನಷ್ಟು ಜಾಲರಿಯಿರುತ್ತದೆ, ಅದರಲ್ಲಿ ಬೋರಿನ ಮರಳು ಕೂತರೆ ನೀರು ಬರುವುದಿಲ್ಲ. ಫಿಲ್ಟರಿನಲ್ಲಿ ಕರಿಬೇವು, ಹುಣಸೆನಾರು, ಮುದ್ದೆ ಪಾತ್ರೆಯ ಸೀಕು ಸೇರಿದರೆ ನೀರು ಹೋಗುವುದಿಲ್ಲ. ನೀರು ಚಿಮ್ಮುವ ರೆಕ್ಕೆಯ ತೂತಿಗೂ ಒಗ್ಗರಣೆಯ ಸಾಸಿವೆಗೂ ಅಳತೆ ಕೊಟ್ಟು ಮಾಡಿಸಿದಂಥ ಹೊಂದಾಣಿಕೆ. ಇನ್ನು ಫಾಲ್ಗುಣದ ಜಾತ್ರೆಗೆ ಮನೆ ತುಂಬ ನೆಂಟರು ಬಂದಾಗ ಮುದ್ದೆ ಪಾತ್ರೆಯನ್ನು ಅಡ್ಡ ತುರುಕಿದರೆ ರೆಕ್ಕೆ ತಿರುಗುವುದೇ ಇಲ್ಲ. ಇವೆಲ್ಲ ಬರಿಗೈಯಲ್ಲಿ ಸರಿಹೋಗುವ ಕಾಯಿಲೆಗಳು. ಬಿಚ್ಚಪ್ಪನಿಗೆ ಇವು ಕಾಯಿಲೆ ಅನ್ನಿಸುವುದೇ ಇಲ್ಲ. ಸ್ಕ್ರೂಡ್ರೈವರ್ ಕೇಳದ ರೋಗ ಅವನ ಲೆಕ್ಕದಲ್ಲಿ ಮನೆಯವರ ಸೋಮಾರಿತನ. ಹಾಗಾಗಿ ಮುಂದಿನ ಬಾಗಿಲು ತೆರೆದು ಇಣುಕುವ ಮೊದಲೇ ಹಿಂದಿನ ತಗಡು ಕಳಚಿರುತ್ತದೆ.

‘ಮುದ್ದೆ ಉಣ್ಣುವ ಊರಿಗೆ ಡಿಶ್‌ವಾಷರ್ ಎಲ್ಲಿಂದ ಬಂತು, ಸುಮ್ಮನೆ ಕಟ್ಟುಕತೆ’ ಎಂದು ಯಾರಾದರೂ ಆಕ್ಷೇಪಿಸಬಹುದು. ಮನೆಮನೆಯಲ್ಲೂ ಇದೆಯೆಂದು ಯಾರೂ ಹೇಳುತ್ತಿಲ್ಲ. 2020ರ ಲಾಕ್‌ಡೌನಿನಲ್ಲಿ ಮನೆಗೆಲಸದವರು ಬಾರದೆ ನಗರಗಳಲ್ಲಿ ಈ ಯಂತ್ರಕ್ಕೆ ಬೇಡಿಕೆ ಏರಿತು. ಬೆಂಗಳೂರಿನ ಮಗ ಫ್ಲ್ಯಾಟ್ ಬದಲಿಸುವಾಗ ಅಂಥದ್ದೊಂದು ಅಕ್ಕಿಮೂಟೆಯ ಪಕ್ಕ ಕೂತು ಊರಿಗೆ ಬರುವುದು ಅಸಾಧ್ಯವೇನಲ್ಲ. ಹತ್ತು ಲೀಟರಿನ ಆಸುಪಾಸಿನಲ್ಲಿ ಒಂದು ಬುಟ್ಟಿ ಪಾತ್ರೆ ಬೆಳಗುವ ಯಂತ್ರ ಬರದ ಸೀಮೆಗೇ ಹೆಚ್ಚು ಸಲ್ಲುತ್ತದೆ ಎಂದೂ ವಾದಿಸಬಹುದು. ಅಮೆರಿಕದ ಜೋಸೆಫೀನ್ ಕಾಕ್ರನ್ 1886ರಲ್ಲಿ ಪಾತ್ರೆ ತೊಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದಾಗ ಆಕೆಯ ಲೆಕ್ಕದಲ್ಲಿ ಇಲ್ಲದಿದ್ದವು ಎರಡೇ: ಮುದ್ದೆ ಕೋಲು ಮತ್ತು ಬಿಚ್ಚಪ್ಪ.

ಎಲ್ಲಕ್ಕಿಂತ ದೊಡ್ಡ ಜಗಳ ಉಪ್ಪಿನದು. ಯಂತ್ರ ‘ಉಪ್ಪು ಮುಗಿದಿದೆ’ ಎಂದು ದೀಪ ಹಚ್ಚುತ್ತದೆ. ಬಿಚ್ಚಪ್ಪ ನಗುತ್ತಾನೆ. ‘ಅಲ್ಲಕ್ಕಾ, ನಮ್ ಬೋರ್ ನೀರೇ ಉಪ್ಪುನೀರು. ಇದ್ಕೆ ಇನ್ನೂ ಉಪ್ಪು ಸುರೀಬೇಕಂತಾ? ಈ ಮಿಷಿನ್ ಸಪ್ಪೆ ನೀರಿನೋರು ಮಾಡಿದ್ದು.’ ತರ್ಕದಲ್ಲಿ ಎಲ್ಲಿಯೂ ಬಿರುಕಿಲ್ಲ. ಬಿರುಕಿರುವುದು ನಮ್ಮ ಮಾತಿನಲ್ಲಿ. ನಾವು ಉಪ್ಪುನೀರು ಎನ್ನುವುದರಲ್ಲಿ ಕಾಟ ಕೊಡುವುದು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಸ್ಟೀಲ್ ಲೋಟದ ಮೇಲೆ ಬಿಳಿ ಕಲೆ ಕೂರಿಸುವುದು, ಹೀಟರಿಗೆ ಗಾರೆ ಮೆತ್ತುವುದು ಅದೇ. ಯಂತ್ರದ ಹೊಟ್ಟೆಯಲ್ಲಿ ಸಾಸಿವೆಗಿಂತ ಸಣ್ಣ ರಾಳದ ಮಣಿಗಳಿರುತ್ತವೆ. ಅವು ಈ ಸುಣ್ಣವನ್ನು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿಹೋದಾಗ ಗಟ್ಟಿ ಉಪ್ಪುನೀರಿನಲ್ಲಿ ತೊಳೆದರೆ ಸುಣ್ಣ ಬಿಟ್ಟುಕೊಟ್ಟು ಮತ್ತೆ ಕೆಲಸಕ್ಕೆ ನಿಲ್ಲುತ್ತವೆ. ಆ ಉಪ್ಪು ತಟ್ಟೆಗೆ ತಾಗುವುದೇ ಇಲ್ಲ, ಚರಂಡಿಗೆ ಹೋಗುತ್ತದೆ. ನಾಯಕನಹಟ್ಟಿಯ ನೀರಿಗೆ ಇದು ಬೆಂಗಳೂರಿಗಿಂತ ಹೆಚ್ಚೇ ಬೇಕು. ಇಷ್ಟು ವಿವರಿಸಿದರೆ ಬಿಚ್ಚಪ್ಪ ಒಪ್ಪುತ್ತಾನೆ, ಒಪ್ಪಿದ ಮರುಗಳಿಗೆ ಅಡುಗೆಮನೆಯ ಕಲ್ಲುಪ್ಪು ಸುರಿಯುತ್ತಾನೆ. ಅದರ ಕಸವೂ ಮೆಗ್ನೀಸಿಯಂ ಲವಣವೂ ಮಣಿಗಳ ಮೇಲೆಯೇ ಕೂರುತ್ತವೆ. ಅದೇ ಉತ್ಸಾಹದಲ್ಲಿ ‘ಆ ಪೌಡರ್ ದುಬಾರಿ’ ಎಂದು ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನೂ ಎರಡು ಮುಚ್ಚಳ ಹಾಕುತ್ತಾನೆ. ನೊರೆ ಬಾಗಿಲ ಸಂದಿಯಿಂದ ಇಣುಕುತ್ತದೆ. ಈ ನೊರೆಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಕಂಪನಿಯ ಮೆಕ್ಯಾನಿಕ್ ಕರೆಸಬಾರದೇ ಎಂದು ಕೇಳುವವರಿಗೆ ದೂರದ ಅಂದಾಜಿಲ್ಲ. ಅವನು ದುರ್ಗದಿಂದಲೋ ಬೆಂಗಳೂರಿನಿಂದಲೋ ಬರಬೇಕು, ಬಂದ ದಿನ ಕರೆಂಟ್ ಇರಬೇಕು. ಬಿಚ್ಚಪ್ಪನಾದರೋ ಕಾಫಿ ಕುದಿಯುವಷ್ಟರಲ್ಲಿ ಬರುತ್ತಾನೆ, ಕಾಸು ಮುಟ್ಟುವುದಿಲ್ಲ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಹುಟ್ಟಿದ ಊರಿನಲ್ಲಿ ಅವನು ಕೂಲಿ ಕೇಳದಿರುವುದು ವಿವೇಕವೂ ಹೌದು. ಮಾಡಿದ್ದನ್ನು ಅಳೆದು ನೋಡಿದರೆ ಮನೆಯವರಿಗೆ ಅವನೇ ಕೊಡಬೇಕಾದೀತು.

ಇಷ್ಟೆಲ್ಲ ವಾದಿಸಿದ ಮೇಲೂ ಒಂದು ಆಕ್ಷೇಪಣೆ ಮಾತ್ರ ಕಲ್ಲಿನಂತೆ ಉಳಿಯುತ್ತದೆ: ಬಿಚ್ಚಪ್ಪ ಮುಟ್ಟಿದ ಮೇಲೆ ಯಂತ್ರ ನಡೆದದ್ದುಂಟು. ನೀರು ತೆಗೆದುಕೊಳ್ಳದೆ ಬರೀ ‘ಗುಂಯ್’ ಎನ್ನುತ್ತಿದ್ದ ಡಿಶ್‌ವಾಷರ್ ಅವನು ಹಿಂದಿನ ತಗಡು ಬಿಚ್ಚಿ ಹಾಕಿದ ಕೂಡಲೇ ಸದ್ದಿಲ್ಲದೆ ಕೆಲಸಕ್ಕೆ ನಿಲ್ಲುತ್ತದೆ. ಮನೆಯವರು ಅದನ್ನು ಕೈಗುಣ ಎನ್ನುತ್ತಾರೆ. ಕೈಗುಣವೇ ನಿಜ, ಆದರೆ ಗುಣ ತೋರಿದ ಕೈ ಸ್ಕ್ರೂಡ್ರೈವರ್ ಹಿಡಿದದ್ದಲ್ಲ, ಯಂತ್ರವನ್ನು ಗೋಡೆಯಿಂದ ಎಳೆದು ವಾಲಿಸಿದ್ದು. ಹಲವು ಮಾದರಿಗಳಲ್ಲಿ ಯಂತ್ರದ ಅಡಿಗೆ ಒಂದು ತಟ್ಟೆಯಿರುತ್ತದೆ, ಅದರಲ್ಲೊಂದು ತೇಲುಬಿಲ್ಲೆ. ಎಲ್ಲಾದರೂ ಸೋರಿ ತಟ್ಟೆಯಲ್ಲಿ ನೀರು ನಿಂತರೆ ಬಿಲ್ಲೆ ಮೇಲೇಳುತ್ತದೆ. ಮನೆ ಕೆರೆಯಾಗದಿರಲೆಂದು ಯಂತ್ರ ನೀರಿನ ಬಾಯಿ ಮುಚ್ಚಿ, ಹೊರಹಾಕುವ ಪಂಪನ್ನು ಓಡಿಸುತ್ತಲೇ ಇರುತ್ತದೆ. ವಾಲಿಸಿದಾಗ ತಟ್ಟೆಯ ನೀರು ನೆಲಕ್ಕೆ ಚೆಲ್ಲಿ ಬಿಲ್ಲೆ ಕೆಳಗಿಳಿಯುತ್ತದೆ, ಅಲ್ಲಿಗೆ ಯಂತ್ರ ಸರಿ. ನೆಲದ ಮೇಲೆ ಚೆಲ್ಲಿದ ನೀರನ್ನು ಅಕ್ಕ ಬಟ್ಟೆಯಲ್ಲಿ ಒರೆಸುವ ಹೊತ್ತಿಗೆ ಬಿಚ್ಚಪ್ಪ ತಗಡಿನ ಕೊನೆಯ ಸ್ಕ್ರೂ ಬಿಗಿಯುತ್ತ, ‘ಒಳಗೊಂದು ವೈರ್ ಲೂಸ್ ಇತ್ತಕ್ಕ’ ಎನ್ನುತ್ತಾನೆ. ಆಮೇಲೆ ಎರಡನೆಯ ಲೋಟ ಕಾಫಿ ಬರುತ್ತದೆ. ಯಂತ್ರದೊಳಗೆ ಅದೇ ಲಿಕ್ವಿಡ್ಡಿನ ನೊರೆ ಮತ್ತೆ ಬಾಗಿಲ ಸಂದಿ ಹುಡುಕುತ್ತ ಹನಿಹನಿಯಾಗಿ ತಟ್ಟೆಗೆ ಇಳಿಯತೊಡಗಿರುತ್ತದೆ. ಅಮಾವಾಸ್ಯೆ ಕಳೆಯುವಷ್ಟರಲ್ಲಿ ಬಿಲ್ಲೆ ಏಳುತ್ತದೆ, ಬಿಚ್ಚಪ್ಪನಿಗೆ ಫೋನು ಹೋಗುತ್ತದೆ.