ಕರಡಿ ಹೊಕ್ಕ ಪೆಟ್ಟಿಗೆ

ಪದಬಂಧ ‘ಸುಲಭ’ ಎಂಬ ಹಣೆಪಟ್ಟಿ ಹೊತ್ತು ಬಂದ ದಿನವೇ ಯಜಮಾನರ ಕಾಫಿ ಆರಿ ತಣ್ಣಗಾಗುವುದು. ಅಂದು ಸುಳಿವಿಗೊಂದು ಪ್ರಾಣಿ. ‘ಕರಡಿ ಹೊಕ್ಕ ಲಿಂಗದ ಪೆಟ್ಟಿಗೆ’, ನಾಲ್ಕಕ್ಷರ. ಪೆನ್ನು ಕಚ್ಚಿದರು, ಸೂರು ನೋಡಿದರು, ಮನಸ್ಸಿನಲ್ಲೇ ಬನ್ನೇರುಘಟ್ಟಕ್ಕೂ ಹೋಗಿಬಂದರು. ಅಡುಗೆಮನೆಯಿಂದ ಒಗ್ಗರಣೆಯ ಚಟಪಟದೊಂದಿಗೆ ಉತ್ತರ ಬಂತು: “ಕರಡಿಗೆ ಕಣ್ರೀ!”

1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ವಜ್ರಾಕಾರದ ಮೊದಲ ಪದಬಂಧದಲ್ಲೂ ಒಂದು ಪಾರಿವಾಳ ಅಡಗಿತ್ತು. ಅಂದರೆ ಈ ಪ್ರಾಣಿಪೀಡೆ ಹುಟ್ಟಿನಿಂದಲೇ ಬಂದದ್ದು. ಆದರೆ ವಿನ್‌ಗೆ ಒತ್ತಕ್ಷರದ ತಂಟೆಯಿರಲಿಲ್ಲ; ಕನ್ನಡದಲ್ಲಿ ಅಷ್ಟು ದೊಡ್ಡ ಕತ್ತೆಗೆ ಎರಡೇ ಮನೆ!

‘ಕಪಿಯಿರುವ ನಂಜನಗೂಡಿನ ನದಿ’ಗೆ ಮಾತ್ರ ಯಜಮಾನರೇ ‘ಕಪಿಲಾ’ ಎಂದು ಬರೆದು ಮೀಸೆ ತಿರುವಿದರು. ಮಾವನ ಮನೆ ಅದೇ ಊರು, ಪಾಪ.