ವಾಹನ ನಿಲುಗಡೆಯ ತಾತ್ವಿಕ ನೆಲೆಗಳು: ಒಂದು ಅಂತರ್‌ಶಿಸ್ತೀಯ ಅಧ್ಯಯನ

ವಿಶ್ವವಿದ್ಯಾಲಯವೆಂಬುದು ಜ್ಞಾನದ ಉತ್ಪಾದನೆ, ಪ್ರಸರಣ ಹಾಗೂ ನಿಲುಗಡೆಯ ತಾಣ. ಮೊದಲೆರಡರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೂರನೆಯದರ ಬಗ್ಗೆ ತಕರಾರೇ ಇಲ್ಲ: ವಿಭಾಗದ ಬಾಗಿಲೆದುರಿನ ಹೊಂಗೆ ನೆರಳು ಮುಖ್ಯಸ್ಥರ ಕಾರಿಗೆ ಸೇರಿದ್ದು. ಇದನ್ನು ಪ್ರಸ್ತುತ ಅಧ್ಯಯನವು ‘ಛಾಯಾಧಿಕಾರ ಸಿದ್ಧಾಂತ’ವೆಂದು ಕರೆಯುತ್ತದೆ.

ಸಿದ್ಧಾಂತಕ್ಕೆ ಅಂತಾರಾಷ್ಟ್ರೀಯ ಪುರಾವೆಯೂ ಉಂಟು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿ.ವಿ.ಯಲ್ಲಿ ನೊಬೆಲ್ ಗೆದ್ದ ಪ್ರಾಧ್ಯಾಪಕರ ಕಾರಿಗೆ ‘ಎನ್‌ಎಲ್’ ಫಲಕದ ಮೀಸಲು ಜಾಗವಿದೆ. ಅಲ್ಲಿ ಅದಕ್ಕೆ ಸ್ಟಾಕ್‌ಹೋಮಿಗೆ ಹೋಗಿ ಬರಬೇಕು. ಇಲ್ಲಿ ಸಿಂಡಿಕೇಟ್ ಸದಸ್ಯತ್ವ ಸಾಕು.

ಇನ್ನು ವರ್ಗೀಕರಣ. ಅ) ಸ್ಥಾವರ: ಎಂಜಿನ್ ಆರಿಸದೆ, ಎ.ಸಿ. ನಿಲ್ಲಿಸದೆ, ಚಾಲಕನನ್ನು ಒಳಗೇ ಮಲಗಿಸಿಕೊಂಡು ಆಡಳಿತ ಸೌಧದ ಪೋರ್ಟಿಕೊದಲ್ಲಿ ನಿಂತಿರುವಂಥದ್ದು. ಆ) ಜಂಗಮ: ಜಾಗ ಹುಡುಕುತ್ತ ಸುತ್ತುತ್ತಲೇ ಇರುವ ಅತಿಥಿ ಉಪನ್ಯಾಸಕರ ಸ್ಕೂಟರ್. ಉಳಿದ ಒಂಬತ್ತು ಪ್ರಭೇದಗಳನ್ನು ಅನುಬಂಧದಲ್ಲಿ ಕೊಡಬೇಕಿತ್ತು. ಅದನ್ನು ಬರೆಯಬೇಕಿದ್ದ ಉಪಸಮಿತಿಯವರು ಗಾಡಿ ನಿಲ್ಲಿಸಲು ಜಾಗ ಸಿಗದೆ ವಾಪಸಾದರು.

ಮುಂದಿನ ಪರಿಕಲ್ಪನೆ ‘ಸುಸ್ಥಿರ ಬಹುಮಾದರಿ ಸಂಚಲನಾ ಕಾರ್ಯತಂತ್ರ ಚೌಕಟ್ಟು’. ಅಂದರೆ, ಜೂನ್ 5ರ ಪರಿಸರ ದಿನದಂದು ಗಣ್ಯರು ಇನ್ನೋವಾದಲ್ಲಿ ಬಂದು ಸೈಕಲ್ ಜಾಥಾಕ್ಕೆ ಹಸಿರು ಬಾವುಟ ಬೀಸಿ, ಅದೇ ಇನ್ನೋವಾದಲ್ಲಿ ಊಟಕ್ಕೆ ಹೋಗುವುದು. ಐಐಟಿ ಮದ್ರಾಸ್ ಇಷ್ಟೆಲ್ಲ ತಲೆ ಕೆಡಿಸಿಕೊಂಡಿಲ್ಲ. ಅಲ್ಲಿ ವಿದ್ಯಾರ್ಥಿಗಳು ಬೈಕ್ ಇಟ್ಟುಕೊಳ್ಳುವಂತಿಲ್ಲ. ಸೈಕಲ್ ತುಳಿಯುತ್ತಾರೆ, ಇಲ್ಲವೇ ಕ್ಯಾಂಪಸ್ ಬಸ್ ಹತ್ತುತ್ತಾರೆ. ವಿದ್ವತ್ತಿನ ದೃಷ್ಟಿಯಿಂದ ಈ ಸರಳತೆ ತೀರಾ ನಿರಾಶಾದಾಯಕ.

ಪುಕ್ಕಟೆ ಪಾರ್ಕಿಂಗ್ ಪುಕ್ಕಟೆಯಲ್ಲ, ಕಾರಿಲ್ಲದವನೂ ಅದರ ಬೆಲೆ ತೆರುತ್ತಾನೆ ಎಂದು ಲಾಸ್ ಏಂಜಲೀಸ್‌ನ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ 2005ರಲ್ಲಿ ಒಂದು ದಪ್ಪ ಗ್ರಂಥವನ್ನೇ ಬರೆದರು. ರಸ್ತೆಯ ಲೆಕ್ಕವೂ ಬೇರೆಯಲ್ಲ.

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಸಾವಿರ ಎಕರೆ ಮೀರಿದ ಆವರಣ. ಮೈಸೂರು ರಸ್ತೆಯಿಂದ ನಾಗರಭಾವಿ, ಉಲ್ಲಾಳದ ಕಡೆ ಹೋಗುವವರಿಗೆ ಅದೊಂದು ಒಳದಾರಿ. ತರಗತಿಗೂ ಗ್ರಂಥಾಲಯಕ್ಕೂ ಸಂಬಂಧವಿಲ್ಲದ ವಾಹನಗಳು ನಡುವೆ ನುಗ್ಗಿ ಹೋಗುತ್ತವೆ. 2021ರಲ್ಲಿ ಅದೇ ಹೆಸರಿನ ಮೆಟ್ರೊ ನಿಲ್ದಾಣ ಬಂತು. ಮೆಟ್ರೊ ಇಳಿದ ಮೇಲೆ ವಿಭಾಗ ಮುಟ್ಟುವ ಪಾಡು ವಿದ್ಯಾರ್ಥಿಯದೇ. 2022ರ ಅಕ್ಟೋಬರಿನಲ್ಲಿ ಆವರಣದೊಳಗೇ ಬಸ್ಸಿನ ಚಕ್ರಕ್ಕೆ ಸಿಕ್ಕಿದ ವಿದ್ಯಾರ್ಥಿನಿಯೊಬ್ಬಳು ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳ ಜೊತೆಗಾರರು ರಸ್ತೆಗಿಳಿದು ಪ್ರತಿಭಟಿಸಿದರು. ಚೌಕಟ್ಟು, ಕಾರ್ಯತಂತ್ರ ಯಾವುದೂ ಅವರ ಬಾಯಲ್ಲಿ ಬರಲಿಲ್ಲ. ಹೊರಗಿನ ವಾಹನ ನಿಲ್ಲಿಸಿ ಎಂದರು.

ಇಂಥ ಮಾತು ಅರ್ಥವಾಗಲು ಎಷ್ಟು ಸಮಿತಿ ಬೇಕು? ಕುಲಪತಿಗಳ ಕಾರಿಗೆ ಹಳದಿ ಗೆರೆ ಎಳೆಯಲು ಬಣ್ಣ, ಕುಂಚ, ಆಳು ಎಲ್ಲವೂ ಬೆಳಗಾಗುವುದರೊಳಗೆ ಒದಗುತ್ತವೆ. ಬಸ್ ತಂಗುದಾಣಕ್ಕೆ ಒಂದು ಚಾವಣಿ, ಹಾಸ್ಟೆಲ್ ದಾರಿಗೆ ನಾಲ್ಕು ದೀಪ, ನಡೆಯುವವರಿಗೆ ಒಂದು ಮಾರು ಅಗಲದ ಕಾಲುದಾರಿ ಎಂದ ಕೂಡಲೇ ಕಡತ ಹಣಕಾಸು ಅಧಿಕಾರಿಯ ಮೇಜಿಗೆ ಹೋಗುತ್ತದೆ. ಹಾಗೆ ಹೋದ ಕಡತಕ್ಕೆ ನಿಲುಗಡೆಯ ಜಾಗದ ಕೊರತೆ ಎಂದೂ ಆಗಿಲ್ಲ.