ಹತ್ತ ಹೆಜ್ಜಿಗೊಂದ ಝೂಬ್ಯಾಟ್

ಖರೇ ಹೇಳ್ರಿ, ನಿಮ್ಮ ಫೋನಿನಾಗ ಪೋಕೆಮಾನ್ ಗೋ ಇನ್ನೂ ಐತಿ ಹೌದಿಲ್ಲೋ? ಹುಡುಗೂರ ಸಲುವಾಗಿ ಇಟ್ಟೇನಿ ಅನಬ್ಯಾಡ್ರಿ. ನಿಮ್ಮ ಹುಡುಗೂರು ಬ್ಯಾರೆ ಗೇಮಿಗೆ ಹೋಗಿ ಯಾವ ಕಾಲ ಆತು. ಸಂಜಿಮುಂದ ಬೆಳಗಾವಿ ಶಿವಬಸವ ನಗರದಾಗ ರುದ್ರಾಕ್ಷಿಮಠದ ಕಡೆ ವಾಕಿಂಗ್ ಅಂತ ಹೊಂಡ್ತೀರಿ, ಆವಾಗ ನಿಮ್ಮ ಹೆಬ್ಬಟ್ಟು ಫೋನಿನ ಮ್ಯಾಲ ಕೆಳಗಿಂದ ಮ್ಯಾಲಕ್ಕ ಸರ್ರಂತ ಜಾರತೈತಿ. ವಾಟ್ಸಾಪ್ ನೋಡವ್ರ ಹೆಬ್ಬಟ್ಟು ಹಂಗ ಜಾರೂದಿಲ್ರಿ, ಚೆಂಡ ಒಗದು ಪೋಕೆಮಾನ್ ಅನ್ನೋ ಗೇಮಿನ ಪ್ರಾಣಿ ಹಿಡಿಯವ್ರದ ಜಾರತೈತಿ. (ಅಂಜಬ್ಯಾಡ್ರಿ, ನಿಮ್ಮ ಮನ್ಯಾಗ ಹೇಳೂದಿಲ್ಲ.)

ಈ ಚಟ ಹತ್ತಿದ್ದು ಯಾವಾಗ, ನೆನಪೈತೇನು? 2016ರ ಜುಲೈದಾಗ ಅಮೇರಿಕಾ, ಆಸ್ಟ್ರೇಲಿಯಾ ಕಡೆ ಗೇಮ್ ಬಂತು. ನಮ್ಮ ದೇಶಕ್ಕ ಬರೂತನಾ ಕಾಯೋ ಸಮಾಧಾನ ನಿಮಗೆಲ್ಲೀದು! ಯಾರೋ ಗೆಳ್ಯಾನ ಕಡಿಂದ ಎಪಿಕೆ ಫೈಲ್ ಇಸ್ಕೊಂಡು ಕಳ್ಳದಾರಿಲೆ ಹಾಕ್ಕೊಂಡ್ರಿ. ಗೇಮ್ ಮಾಡಿದ ನಿಯಾಂಟಿಕ್ ಕಂಪನಿಯವ್ರು ಜಿಯೋ ಜೋಡಿ ಕೂಡಿ ಬಾಗಲದಿಂದ ತಂದದ್ದು ಡಿಸೆಂಬರ್ 14ಕ್ಕ.

ಎಂಥಾ ಮುಹೂರ್ತ ನೋಡ್ರಿ ಅದು. ನೋಟ್ ಬಂದಿ ಆಗಿ ಒಂದೂವರಿ ತಿಂಗಳೂ ತುಂಬಿದ್ದಿಲ್ಲ. ಎಟಿಎಂ ಮುಂದ ಗಲ್ಲಿ ತುದಿತನಾ ಪಾಳಿ, ಪಾಳ್ಯಾಗ ನೀವು, ಕೈಯಾಗ ಜಿಯೋದ ಫುಕಟ್ ಡಾಟಾ. ರೊಕ್ಕ ಸಿಗಲಿಲ್ಲ ಅಂತ ಎಲ್ಲಾರೂ ಮಾರಿ ಸಣ್ಣದು ಮಾಡ್ಕೊಂಡ ಹೊಳ್ಳಿ ಬಂದ್ರ, ನೀವು ಮಾತ್ರ ನಕ್ಕೋತ ಬಂದಿದ್ರಿ. ಯಾಕಂತ ಆಗ ಯಾರಿಗೂ ತಿಳೀಲಿಲ್ಲ.

ಅದಕ್ಕೂ ಮೊದಲ ಗುಜರಾತ ಹೈಕೋರ್ಟಿನ ಮುಂದ ಒಂದ ಅರ್ಜಿ ಹೋಗಿತ್ತು. ಈ ಗೇಮಿನವ್ರು ಗುಡಿ ಒಳಗ ತತ್ತಿ ತೋರಸ್ತಾರ, ಭಕ್ತರ ಮನಸಿಗೆ ನೋವಾಗತೈತಿ ಅಂತ. ತತ್ತಿ ಅಂದ್ರ ಫೋನಿನಾಗಿನ ತತ್ತಿ! 2 ಕಿಲೋಮೀಟರಿಂದು, 5ರದು, 10ರದು. ಅಷ್ಟ ನಡದ್ರ ಒಡದು ಮರಿ ಹೊರಗ ಬರತೈತಿ. (10ರ ತತ್ತಿ ಸಿಕ್ಕಾಗ ನೀವು ಫೋನು ಮಗನ ಸೈಕಲ್ಲಿಗೆ ಕಟ್ಟಿ ಟ್ಯೂಷನ್ನಿಗೆ ಕಳಿಸಿದ್ರಿ. ಅದೂ ಗೊತ್ತೈತಿ.)

ಇಷ್ಟೆಲ್ಲಾ ಒದ್ದಾಡಿ ಹಿಡದದ್ದರ ಏನು? ಪಿಕಾಚು? ಎಲ್ಲೀ ಪಿಕಾಚು! ಝೂಬ್ಯಾಟ್. ಮರದಿನ? ಝೂಬ್ಯಾಟ್. ಚನ್ನಮ್ಮ ಸರ್ಕಲ್ಲಿನಾಗ ಝೂಬ್ಯಾಟ್, ಕೋಟಿ ಕೆರಿ ದಂಡಿಗೆ ಝೂಬ್ಯಾಟ್, ತಿಳಕವಾಡಿ ರೈಲ್ವೆ ಗೇಟ್ ಹಾಕಿದ್ರ ಗೇಟಿನ ಈಕಡೆ ಎರಡ ಝೂಬ್ಯಾಟ್.

ಗೊತ್ತಿಲ್ಲದವ್ರಿಗೆ ಹೇಳ್ತೀನಿ (ನಿಮಗ ಗೊತ್ತೈತಿ, ಸುಮ್ಕ ಕೂಡ್ರಿ). ಝೂಬ್ಯಾಟ್ ಅಂದ್ರ ಪೋಕೆಮಾನ್ ಪಟ್ಟ್ಯಾಗ 41ನೇದ್ದು, ಒಂದ ತೊಗಲಬಾವಲಿ. ನೀಲಿ ಮೈ, ಜಾಂಬಳಿ ರೆಕ್ಕಿ, ಸಣಕಲ ಕಾಲು, ದೊಡ್ಡ ಬಾಯಿ. ಕಣ್ಣ ಮಾತ್ರ ಇಲ್ಲ. ಕೂಗಿನ ಸಪ್ಪಳ ಹೊಳ್ಳಿ ಬಂದದ್ದು ಕೇಳಿ ದಾರಿ ಹಿಡೀತೈತಿ. ಒಂದ ಕಡೆ ನಿಂದ್ರೂದಂದ್ರ ಅದಕ್ಕ ಆಗಿಬರೂದಿಲ್ಲ. ನೀವು ಗುರಿಯಿಟ್ಟ ಚೆಂಡ ಒಗದ್ರ ಅದು ಪಟಕ್ಕಂತ ಆಚಿಗೆ. ಕಣ್ಣಿಲ್ಲದ್ದು ತಪ್ಪಿಸ್ಕೋತೈತಿ, ಚಷ್ಮಾ ಹಾಕ್ಕೊಂಡ ನೀವು ಗುರಿ ತಪ್ಪತೀರಿ.

ಇದರ ಕಾಟ ಫೋನಿನಾಗ ಸುರು ಆಗಿದ್ದಲ್ರಿ. 1996ರ ಫೆಬ್ರುವರಿದಾಗ ಜಪಾನಿನಾಗ ಗೇಮ್ ಬಾಯ್ ಮ್ಯಾಲ ಮೊದಲನೇ ಪೋಕೆಮಾನ್ ಬಂದಾಗಿಂದ ಐತಿ. ಮಾಡಿದಾಂವ ಸತೋಷಿ ತಾಜಿರಿ. ಸಣ್ಣಾಂವಿದ್ದಾಗ ಹುಳಾ ಹುಪ್ಪಡಿ ಹಿಡಿದು ಕೂಡಿಸೋ ಹುಚ್ಚು ಅವಂಗ. ದೊಡ್ಡಾಂವಾಗಿ ಆ ಹುಚ್ಚು ಜಗತ್ತಿಗೆಲ್ಲಾ ಹಚ್ಚಿಬಿಟ್ಟ. ಆ ಗೇಮಿನಾಗ ಮೌಂಟ್ ಮೂನ್ ಅಂತ ಒಂದ ಗವಿ. ನಾಕ ಹೆಜ್ಜಿ ಇಟ್ರಿ, ಪರದೆ ಮಿಣಕ್ ಮಿಣಕ್, ಝೂಬ್ಯಾಟ್. ಹೊಡದ ಹಾಕಿ ಮತ್ತ ನಾಕ ಹೆಜ್ಜಿ, ಮತ್ತ ಝೂಬ್ಯಾಟ್. ಮ್ಯಾಲ ಅದರ ಚೀರಾಟಕ್ಕ ನಿಮ್ಮ ಪೋಕೆಮಾನಿಗೆ ತಲಿ ತಿರುಗಿ ತನ್ನನ್ನ ತಾನ ಹೊಡ್ಕೋತೈತಿ.

ಇದಕ್ಕ ಮದ್ದೂ ಗೇಮಿನವ್ರ ಕೊಟ್ಟಾರ. ರಿಪೆಲ್ ಅಂತ ಒಂದ ಸ್ಪ್ರೇ. ಹೊಡ್ಕೊಂಡ್ರ ಸಣ್ಣಪುಟ್ಟ ಪೋಕೆಮಾನ್ ಹತ್ತರ ಸುಳಿಯೂದಿಲ್ಲ. ನಿಮಗಿಂತ ಗಟ್ಟಿ ಇದ್ದದ್ದು ಮಾತ್ರ ಸ್ಪ್ರೇ ಗಿಪ್ರೇ ಏನೂ ನೋಡೂದಿಲ್ಲ, ನೇರ ಮೈಮ್ಯಾಲ.

ಓದಿ ನಗಾಕತ್ತೀರಲಾ? ನಿಮ್ಮ ಕಡೇನೂ ಒಂದ ರಿಪೆಲ್ ಐತಿ, ದಿನಾ ಮುಂಜಾನಿ ಬಳಸ್ತೀರಿ. ಹಾಲಿಗೆ ಹೊಂಟಿರ್ತೀರಿ, ಮೂಲಿ ಮನಿ ರಿಟೈರ್ಡ್ ಕಾಕಾ ಗೇಟಿಗೆ ನಿಂತಾರ. "ಏನ್ರೀ ಸಾಹೇಬ್ರ, ಹಾಲೇನು?" ಹಾಲಿನ ಚೀಲ ಕಣ್ಣಿಗೆ ಕಾಣಸ್ತೈತಿ, ಆದ್ರೂ ಕೇಳ್ತಾರ. ಮುಂದ ಮಂಡಿನೋವು, ಅಮೇರಿಕಾದ ಮಗ, ಗಟಾರಕ್ಕ ಬಾರದ ಕಾರ್ಪೊರೇಷನ್ ಮಂದಿ. ನಿಮಗ ತಲಿ ತಿರಗತೈತಿ. ಅದಕ್ಕ ನೀವು ಅವ್ರು ಕಂಡ ಕೂಡ್ಲೇ ಫೋನ್ ಕಿವಿಗೆ ಹಚ್ಚಿ "ಹಾಂ... ಹಾಂ... ಹೇಳ್ರಿ" ಅನಕೋತ ಜಾರ್ಕೋತೀರಿ. ಆಕಡೆ ಯಾರೂ ಇರೂದಿಲ್ಲ! (ಒಮ್ಮೆ ಕಿವಿಗೆ ಹಚ್ಚಿದ ಫೋನ್ ಖರೇನ ರಿಂಗ್ ಆತಲಾ? ಕಾಕಾ ನೋಡಿದ್ರು. ಪಾಪ, ಏನೂ ಅನಲಿಲ್ಲ.)

ಮತ್ತ ಈ ರಿಪೆಲ್ ಆಫೀಸಿನ ಸಾಹೇಬ್ರ ಮ್ಯಾಲ ನಡೀತೈತೇನು? ಮಾವಾರ ಮ್ಯಾಲ? ಅಲ್ಲಿ ಫೋನ್ ಕಿಸೆದಾಗ, ಹಲ್ಲ ಹೊರಗ. ಗೇಮಿನವ್ರು ಲೆಕ್ಕಾ ಸರಿಯಾಗೇ ಇಟ್ಟಾರ.

ಈಗ ಒಂದ ಗುಟ್ಟ ಹೇಳ್ತೀನಿ, ಹತ್ತರ ಬರ್ರಿ. ಮೊನ್ನೆ ನೀವು ಬೀಗರ ಮದವ್ಯಾಗ ಊಟದ ಪಂಕ್ತ್ಯಾಗ ನಿಮ್ಮ ಸೈಟಿನ ಕತಿ ಹೇಳಾಕತ್ತಿದ್ರಿ. ಬಾಜೂ ಕುಂತಾಂವ ಮಂಡಿಗಿ ಅರ್ಧಾ ಬಿಟ್ಟು "ಒಂದ ಅರ್ಜೆಂಟ್ ಕಾಲ್" ಅಂತ ಫೋನ್ ಕಿವಿಗೆ ಹಚ್ಕೊಂಡ ಎದ್ದ. ಬೆಳಗಾವಿ ಮನಶ್ಯಾ ಮಂಡಿಗಿ ಅರ್ಧಾ ಬಿಡೂದಂದ್ರ ಸಣ್ಣ ಮಾತಲ್ಲ. ಅಂವಗ ಖರೇ ಕಾಲ್ ಬಂದಿತ್ತಂತ ನೀವು ಇನ್ನೂ ನಂಬೀರೇನು?

ಇರ್ಲಿ. ಫೋನಿನ ಝೂಬ್ಯಾಟಿಗೆ ನೀವು ಏನ ಮಾಡ್ತೀರಿ ಅನ್ನೂದೂ ಹೇಳೇ ಬಿಡ್ತೀನಿ. ಹಿಡದು ಹಿಡದು ಗೇಮಿನಾಗಿನ ಪ್ರೊಫೆಸರ್ ವಿಲ್ಲೋಗ ಕಳಿಸಿಬಿಡ್ತೀರಿ. ಒಂದ ಝೂಬ್ಯಾಟಿಗೆ ಒಂದ ಕ್ಯಾಂಡಿ. (ಅಂವಾ ಅಷ್ಟೊಂದ ಬಾವಲಿ ತಗೊಂಡ ಏನ ಮಾಡ್ತಾನು, ಎಲ್ಲಿ ಇಡ್ತಾನು, ಒಬ್ಬರರ ಕೇಳೀರೇನು? ಕ್ಯಾಂಡಿ ಬಂತಲ್ಲ, ಮುಗೀತು.)

ಹಳೇ ಗೇಮಿನಾಗ ಹಿಂಗ ಕಳಿಸದ ಇಟ್ಕೊಂಡವ್ರಿಗೆ ಒಂದ ಮಜಾ ಇತ್ತು. ಝೂಬ್ಯಾಟ್ 22ನೇ ಲೆವೆಲ್ಲಿಗೆ ಗೋಲ್‌ಬ್ಯಾಟ್ ಆಗತೈತಿ. ಅದರ ಮುಂದ 1999ರಾಗ ಬಂದ ಗೇಮಿನಾಗ ಕ್ರೋಬ್ಯಾಟ್: ನಾಕ ರೆಕ್ಕಿ, ಬಿರುಗಾಳಿ ವೇಗ. ಕ್ರೋಬ್ಯಾಟ್ ಆಗಾಕ ಲೆವೆಲ್ ಏರಿಸಿದ್ರ ಅಷ್ಟ ಸಾಲೂದಿಲ್ಲ, ಅದಕ್ಕ ನಿಮ್ಮ ಮ್ಯಾಲ ಪ್ರೀತಿ ಹುಟ್ಟಬೇಕು. ಜೋಡಿ ಅಡ್ಡಾಡಬೇಕು, ಸೋತು ಮೂರ್ಛೆ ಬೀಳಾಕ ಬಿಡಬಾರದು. ಟಿವಿ ಕಾರ್ಟೂನಿನಾಗ ಬ್ರಾಕ್ ಅನ್ನೋ ಹುಡುಗ ಮೌಂಟ್ ಮೂನಿನ ಒಂದ ಝೂಬ್ಯಾಟ್ ಹಿಡ್ಕೊಂಡು ಕ್ರೋಬ್ಯಾಟ್ ಮಾಡಿದ್ದು ನೀವೂ ನೋಡೀರಿ. ಆದ್ರ ನಿಮಗೆಲ್ಲೈತಿ ಅಷ್ಟ ಪುರುಸೊತ್ತು? ದಿನಾ ಸಿಗೂದಕ್ಕ ಯಾರು ಪ್ರೀತಿ ಮಾಡ್ತಾರ?

ನಿಮಗ ಬೇಕಾದ್ದು ಸಿಗಲಾರದ್ದು. ಶಹಾಪುರದ ಸೀರಿ ಅಂಗಡಿಯವ್ರಿಗೆ ಅದು ನಿಮ್ಮ ಮಾರಿ ನೋಡಿದ ಕೂಡ್ಲೇ ಗೊತ್ತಾಗತೈತಿ. ಅರ್ಧಾ ತಾಸು ನೂರಾಎಂಟ ಸೀರಿ ಹಾಸಿದ್ರೂ ನೀವು ಮೂಗ ಮುರೀತೀರಿ. ಕಡೀಕ ಅಂವಾ ಒಳಗಿಂದ ಒಂದ ತಂದು ದನಿ ಸಣ್ಣದ ಮಾಡಿ "ಇದೊಂದ ಪೀಸ್ ಐತ್ರಿ, ಬ್ಯಾರೆಯವ್ರು ತಗದಿಡು ಅಂದಾರ" ಅಂತಾನ. ಆತು, ಪರ್ಸ್ ಹೊರಗ ಬಂತು! ಅದೇ ಸೀರಿ ಮೊದಲನೇ ಗಂಟಿನಾಗ ನೀವ ದೂಡಿದ್ರಿ ಅಂತ ಹೇಳಿದ್ರ ನಂಬೂದಿಲ್ಲ.

ಸಿಗಲಾರದ್ದ ಬೇಕಂದ್ರ ನಿಮ್ಮ ಜಿಲ್ಲ್ಯಾಗೇ ಐತ್ರಿ, ಅದೂ ಬಾವಲಿನ. ಖಾನಾಪುರ ತಾಲೂಕಿನ ತಳೇವಾಡಿ ಕಡೆ, ಭೀಮಗಡದ ದಟ್ಟ ಕಾಡಿನಾಗ, ಬಾರಾಪೇಡೆ ಗವಿ. ಅಲ್ಲಿ ರಾಟನ್ ಬಾವಲಿ ಅಂತ ಇರತಾವ. ದೊಡ್ಡ ಕಿವಿ, ಎರಡೂ ಹಣಿ ಮ್ಯಾಲ ಕೂಡ್ಕೊಂಡು ಮುಂದ ಚಾಚಿರ್ತಾವ, ಬಾಲದ ತುದಿ ಬಿಡಿ. 1913ರಾಗ ಓಲ್ಡ್‌ಫೀಲ್ಡ್ ಥಾಮಸ್ ಅನ್ನೋ ಲಂಡನ್ನಿನ ಪಂಡಿತ ಇದಕ್ಕ ಶಾಸ್ತ್ರದ ಹೆಸರಿಟ್ಟ. ಆಮ್ಯಾಲ ಎಷ್ಟೋ ದಶಕ ಇಡೀ ಜಗತ್ತಿನಾಗ ಈ ಬಾವಲಿ ಇರೋ ಜಾಗಾ ಅಂದ್ರ ಇದೊಂದ ಗವಿ ಅಂತಿದ್ರು. ಕಾಂಬೋಡಿಯಾ, ಮೇಘಾಲಯದಾಗ ಸಿಕ್ಕದ್ದು ಎಷ್ಟೋ ವರ್ಷ ಆದಮ್ಯಾಲ. 1972ರ ವನ್ಯಜೀವಿ ಕಾಯ್ದೆದಾಗ ಹುಲಿ ಇದ್ದ ಪಟ್ಟ್ಯಾಗೇ ಇದರ ಹೆಸರೂ ಐತಿ. 2011ರಾಗ ಭೀಮಗಡ ಅಭಯಾರಣ್ಯ ಆತು.

ಮೌಂಟ್ ಮೂನ್ ಗವಿಯ ನಕ್ಷಾ ಕಣ್ಣ ಮುಚ್ಚಿ ತಗೀತೀರಿ. ಬಾರಾಪೇಡೆ ಹೆಸರು ಇವತ್ತ ಮೊದಲನೇ ಸಲ ಕೇಳಿದ್ರಿ ಹೌದಲ್ಲ? ನಾಚಬ್ಯಾಡ್ರಿ, ಆ ಬಾವಲಿಗೆ ಅದರಿಂದ ಒಳ್ಳೇದ ಆಗೇತಿ. ಅದಕ್ಕ ಬೇಕಾದ್ದು ಕತ್ತಲಿ ಮತ್ತ ಸುಮ್ಮಗಿರೋ ಮಂದಿ. ಒಬ್ಬರ ಟಾರ್ಚ್ ಹಿಡದು ಒಳಗ ಹೊಕ್ಕ್ರೂ ಗಾಬರಿ ಆಗಿ ಚೆದರತಾವ. ಅರಣ್ಯ ಇಲಾಖೆ ಪರವಾನಗಿ ಇಲ್ಲದ ಆ ಕಾಡಿಗೆ ಕಾಲ ಇಡೂಹಂಗಿಲ್ಲ.

ಅಯ್ಯ, "ಇಡೂಹಂಗಿಲ್ಲ" ಅಂತ ಯಾಕರ ಅಂದ್ನೋ! ಗೂಗಲ್ ಮ್ಯಾಪ್ ತಗದ್ರಿ ಅಲಾ? ಖಾನಾಪುರ ಟೈಪೂ ಮಾಡಿದ್ರಿ. ಒಳಗ ಇಡ್ರಿ ಅದನ್ನ. ಅಕೋ, ಗೇಟಿನ ಕಡೆಯಿಂದ ಕಾಕಾ ಬರಾಕತ್ತಾರ... ಅಲ್ರಿ, ಕಿವಿಗೆ ಯಾಕ ಹಚ್ಚಿದ್ರಿ?